ಕತ್ತು ವಾಲಿಸಿ ನೋಡುವ ಹುಡುಗಿ

ಜೂನ್ ೧೦

ಪುಟ್ಟಿ,

ಫೋನಿನಲ್ಲಿ ನಾವಿಬ್ಬರು ಮೂರು ಮಾತಾಡಿದರೆ ನಾಲ್ಕನೆಯದು ಜಗಳ. ಹೋದ ವಾರ ನೀನು ಫೋನು ಕುಕ್ಕಿದ್ದು ನನ್ನ ಕಿವಿಯಲ್ಲಿ ಇನ್ನೂ ಗುಯ್‌ಗುಡುತ್ತಿದೆ. ಅದಕ್ಕೇ ಇನ್ನು ಮೇಲೆ ಕಾಗದ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ. ಅಕ್ಕನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಯೋಗ ನಿನಗೆ ಐವತ್ತರ ಹತ್ತಿರಕ್ಕಾದರೂ ಬಂತಲ್ಲ!

ನಾನು ಹೇಳಲು ಹೊರಟಿದ್ದು ಮಕ್ಕಳ ಮನೆಯ ವಿಷಯ. ಗೊತ್ತಿದ್ದರೂ ಮತ್ತೆ ಕೇಳು, ಅವತ್ತು ನೀನು ಅರ್ಧಕ್ಕೇ ಕುಕ್ಕಿದೆ. ಹೋದ ವರ್ಷ ಮೇ ತಿಂಗಳಲ್ಲಿ ನಾನು ಅಲ್ಲಿಗೆ ತಿಂಗಳ ದಾನಿಯಾಗಿ ಸೇರಿಕೊಂಡೆ. ತಂದೆತಾಯಿ ಇಲ್ಲದ ಮಕ್ಕಳನ್ನು ಸಾಕುವ ಜಾಗ. ಮನೆ ಇರುವುದು ಊರಾಚೆ ಹೆದ್ದಾರಿಯ ಮೇಲೆ, ಕಚೇರಿ ಮಾತ್ರ ನಮ್ಮ ಕನ್ನಡಕದ ಅಂಗಡಿಯ ಎದುರು ಮಹಡಿಯಲ್ಲಿ. ನಿನ್ನ ಭಾವ ಹೋದ ಮೇಲೆ ಸಂಜೆ ಮನೆಗೆ ಬಂದರೆ ಮಾತಾಡಲು ಗೋಡೆ, ಬೈಯಲು ಕುಕ್ಕರು. ಒಂದು ಮಗುವಿನ ಓದಿಗಾದರೂ ಆಗಲಿ ಅಂತ ಆ ಮೆಟ್ಟಿಲು ಹತ್ತಿದೆ. ದಪ್ಪ ಆಲ್ಬಮ್ ಒಂದನ್ನು ಮುಂದಿಟ್ಟು "ಯಾರು ಬೇಕೋ ಆರಿಸ್ಕೊಳ್ಳಿ" ಅಂದರು. ಆರಿಸಿಕೊಂಡೆ. ಏಳು ವರ್ಷದ ಹುಡುಗಿ. ಅವಳೇ ಯಾಕೆ ಅಂತ ಕೇಳಬೇಡ. ಕಾರಣ ಇದೆ, ಹೇಳುವುದಿಲ್ಲ.

ಅವತ್ತಿನಿಂದ ಇವತ್ತಿನವರೆಗೆ ಆ ಹುಡುಗಿಯಿಂದ ಒಂದೇ ಒಂದು ಸಾಲಿಲ್ಲ. ಬಾಯಿ ಬಿಡದ ಗುಮ್ಮನಗುಸಕಿ ಅಂತ ನಾನೇ ಅವಳಿಗೆ ಗುಮ್ಮಿ ಅಂತ ಹೆಸರಿಟ್ಟುಕೊಂಡಿದ್ದೇನೆ. ಸಂಸ್ಥೆಯವರದು ಮಾತ್ರ ಕಾಗದದ ಸುರಿಮಳೆ. ರಸೀದಿ ಬರುತ್ತದೆ, ಅದರಲ್ಲಿ ನಾನು 'ಶ್ರೀಯುತ'. ಮೂರು ಸಲ ಹೋಗಿ "ನನಗೆ ಮೀಸೆ ಇಲ್ಲ, ಬೇಕಾದ್ರೆ ನೋಡ್ಕೊಳ್ಳಿ" ಅಂದೆ. ನಾಲ್ಕನೇ ಸಲ 'ಶ್ರೀಯುತ ಮತ್ತು ಕುಟುಂಬ' ಅಂತ ಬಂತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಊಟಕ್ಕೆ ಕೂತ ಹೊತ್ತಿಗೆ ಸರಿಯಾಗಿ ಫೋನು. ಬೆಣ್ಣೆ ದನಿಯವಳೊಬ್ಬಳು, "ಮೇಡಂ, ಈ ತಿಂಗಳು ಸ್ವಲ್ಪ ಜಾಸ್ತಿ ಮಾಡ್ತೀರಾ? ಕಟ್ಟಡ ನಿಧಿಗೆ?" ಅನ್ನುತ್ತಾಳೆ. "ನನ್ನ ಹುಡುಗಿ ಹೇಗಿದ್ದಾಳಮ್ಮ?" ಅಂದರೆ "ಎಲ್ಲ ಮಕ್ಕಳೂ ಚೆನ್ನಾಗಿದ್ದಾರೆ ಮೇಡಂ." ಎಲ್ಲ ಮಕ್ಕಳ ಸುದ್ದಿಯನ್ನು ಇವಳ ಹತ್ತಿರ ಕೇಳಿದವರು ಯಾರು? ಹೊಸ ವರ್ಷಕ್ಕೆ ಮಿರಿಮಿರಿ ಮಿಂಚುವ ಕ್ಯಾಲೆಂಡರು ಬೇರೆ ಕಳಿಸಿದ್ದರು. ಜನವರಿಯಿಂದ ಡಿಸೆಂಬರ್‌ವರೆಗೂ ಕಾರ್ಯದರ್ಶಿಯಮ್ಮನದೇ ಮುಖ. ಆ ಕಾಗದದ ದುಡ್ಡಿನಲ್ಲಿ ನನ್ನ ಗುಮ್ಮಿಗೆ ಬೂಟು ಬರುತ್ತಿತ್ತು.

ಹುಡುಗಿಯನ್ನು ನೋಡಲು ವರ್ಷ ತುಂಬಿದ ದಾನಿಗಳಿಗೆ ಮಾತ್ರ ಅವಕಾಶ, ಅದೂ ಅಕ್ಟೋಬರಿನಲ್ಲೊಂದು ಭಾನುವಾರ, ಫೆಬ್ರವರಿಯಲ್ಲೊಂದು ಭಾನುವಾರ. ನನಗೆ ವರ್ಷ ತುಂಬಿತು. ಅಕ್ಟೋಬರಿಗೆ ಕಾಯುತ್ತಿದ್ದೇನೆ. ನಿನ್ನ ಗಂಡುಮಕ್ಕಳಿಬ್ಬರೂ ಹೇಗಿದ್ದಾರೆ ಬರಿ.

ನಿನ್ನ
ಅಕ್ಕ


ಜೂನ್ ೨೪

ಅಕ್ಕಾ,

ಅಬ್ಬಬ್ಬಾ, ಎಷ್ಟು ಉದ್ದದ ಕಾಗದ! ಬಸ್ ನಿಲ್ದಾಣದ ಕೌಂಟರಿನಲ್ಲಿ ಟಿಕೆಟ್ ಕೊಡುತ್ತಾ ಕೊಡುತ್ತಾ ಓದಿದೆ. ಒಬ್ಬನಿಗೆ ಚಿಲ್ಲರೆಯ ಜೊತೆ ನಿನ್ನ ಎರಡನೇ ಹಾಳೆಯನ್ನೂ ಕೊಟ್ಟುಬಿಟ್ಟಿದ್ದೆ, ಪಾಪ, ಅವನೇ ವಾಪಸ್ ತಂದುಕೊಟ್ಟು "ಶ್ರೀಯುತ ಚೆನ್ನಾಗಿದೆ ಮೇಡಂ" ಅಂದ.

ಈಗ ನಾನೊಂದು ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡ. ನೀನು ಸೇರಿದ ಸುದ್ದಿ ಕೇಳಿ ನನಗೂ ಆಸೆಯಾಗಿ ನವೆಂಬರಿನಲ್ಲಿ ನಾನೂ ಅಲ್ಲೇ ಒಂದು ಹುಡುಗಿಯನ್ನು ಹಿಡಿದುಕೊಂಡೆ. ಆಲ್ಬಮ್ಮನ್ನು ಅಂಚೆಯಲ್ಲಿ ಕಳಿಸಿದ್ದರು. "ಎಲ್ಲದಕ್ಕೂ ಅಕ್ಕನ ಬಾಲ" ಅಂತ ನೀನು ಮೂಗು ಮುರಿಯುತ್ತೀಯ ಅಂತ ಹೇಳಿರಲಿಲ್ಲ. ಹೂಂ, ಈಗ ಮುರಿ.

ಆದರೆ ನನ್ನವಳು ನಿನ್ನ ಗುಮ್ಮಿಯ ಹಾಗಲ್ಲ. ಚಿನಕುರಳಿ! ತಿಂಗಳಿಗೊಂದು ಕಾಗದ. ಮುಂದಿನ ಹಲ್ಲು ಬಿದ್ದಿದ್ದಕ್ಕೆ ಒಂದು ಪುಟ, ಅಂಗಳದ ಕುಂಟು ಬೆಕ್ಕು ಮರಿ ಹಾಕಿದ್ದಕ್ಕೆ ಎರಡು ಪುಟ. ನನ್ನನ್ನು 'ಸ್ವೆಟರ್ ಆಂಟಿ' ಅನ್ನುತ್ತಾಳೆ. ನಮ್ಮನೆಯವರು ಓಡಿಸುವ ಬಸ್ಸು ಆ ಮನೆಯ ಗೇಟಿನ ಮುಂದೆಯೇ ಹೋಗುತ್ತದಲ್ಲ, ಕೌಂಟರಿನಲ್ಲಿ ಜನ ಇಲ್ಲದಾಗ ಹೆಣೆದ ಸ್ವೆಟರನ್ನು ಅವರ ಕೈಲಿ ಕೊಟ್ಟೆ. ಅವರು ಬಸ್ ನಿಲ್ಲಿಸಿ ಕಾವಲಿನವನ ಕೈಗಿಟ್ಟರು, ಅವನು ಹುಡುಗಿಯ ಕೈಗೆ. ಅಷ್ಟೆ! ಮೊದಲನೆಯದು ನೀಲಿ, ಆಮೇಲೆ ಒಂದು ಹಳದಿ. ಕಚೇರಿ ಗಿಚೇರಿ ಅಂತ ಹೋದರೆ ಅವರು ರಸೀದಿ ಕೊಡುತ್ತಾರೆ, ಮಗು ಕೊಡುವುದಿಲ್ಲ. ನೀನು ಯಾವಾಗಲೂ ಹಾಗೇ, ಸಾಲಿನಲ್ಲಿ ನಿಲ್ಲುವವಳು.

ಗಂಡುಮಕ್ಕಳು ಚೆನ್ನಾಗಿದ್ದಾರೆ. ದೊಡ್ಡವನು ಮಾತಾಡುವುದಿಲ್ಲ, ಚಿಕ್ಕವನು ನಿಲ್ಲಿಸುವುದಿಲ್ಲ.

ಪುಟ್ಟಿ


ಜುಲೈ ೩

ಪುಟ್ಟಿ,

ನಿನ್ನ ಕಾಗದ ಓದಿ ಬಹಳ ಸಂತೋಷವಾಯಿತು.

ಸುಳ್ಳು. ಮೈಯೆಲ್ಲ ಉರಿದುಹೋಯಿತು. ಅವತ್ತು ಅಂಗಡಿಯಲ್ಲಿ ಉಜ್ಜಿದ ಕನ್ನಡಕದ ಎರಡು ಗ್ಲಾಸು ಒಡೆದು ಮಾಲೀಕರಿಂದ ಅನ್ನಿಸಿಕೊಂಡೆ. ನಾನು ಮೊದಲು ಸೇರಿದವಳು, ಒಂದು ತಿಂಗಳೂ ತಪ್ಪಿಸದವಳು, ಅವರು ಹೇಳಿದ ನಿಯಮಕ್ಕೆಲ್ಲ ತಲೆಯಾಡಿಸಿದವಳು. ನೀನು ಹಿಂದಿನಿಂದ ಬಂದು ಬಸ್ ಕಿಟಕಿಯಲ್ಲಿ ಕೈ ಚಾಚಿ ಪ್ರೀತಿ ಬಾಚಿಕೊಂಡು ಹೋದೆ. ಚಿಕ್ಕಂದಿನಲ್ಲೂ ಇದೇ ಕಥೆ. ಊಟಕ್ಕೆ ಕರೆದಾಗ ಕೈ ತೊಳೆದು ಬಂದು ಕೂರುತ್ತಿದ್ದವಳು ನಾನು, ಅಮ್ಮನ ತೊಡೆ ಮೇಲೆ ಕೂತು ತುತ್ತು ತಿನ್ನುತ್ತಿದ್ದವಳು ನೀನು.

ಸುಮ್ಮನಿರಲಾಗದೆ ಕಚೇರಿಗೆ ಹೋದೆ. "ಬೇರೆ ಮಕ್ಕಳು ಬರೀತಾರೆ, ನನ್ನ ಹುಡುಗಿ ಯಾಕೆ ಬರೆಯಲ್ಲ?" ಅಂದೆ. ಕಾರ್ಯದರ್ಶಿಯಮ್ಮ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. "ತಿಂಗಳ ಹಣ ಒಟ್ಟಿಗೆ ಸೇರುತ್ತೆ ನೋಡಿ, ಯಾರು ಕೊಟ್ಟರು ಅಂತ ಮಕ್ಕಳಿಗೆ ಹೇಳಲ್ಲ. ವಸ್ತು ಕೊಟ್ಟವರಿಗೆ ಥ್ಯಾಂಕ್ಸ್ ಬರೀತಾವೆ, ಅಷ್ಟೆ." "ಹಾಗಾದ್ರೆ ನಾನೂ ವಸ್ತು ಕೊಡ್ತೀನಿ." "ವಸ್ತು ತಗೊಳ್ಳಲ್ಲ, ನಿಯಮ ಇಲ್ಲ." ತಲೆ ಚಿಟ್ಟು ಹಿಡಿಯಿತು.

ನಾನು ಕೊಡಬೇಕೆಂದಿದ್ದು ಕನ್ನಡಕ. ಅವರು ಕೊಟ್ಟ ಫೋಟೋದಲ್ಲಿ ಗುಮ್ಮಿ ಕಣ್ಣು ಕಿರಿದು ಮಾಡಿಕೊಂಡಿದ್ದಾಳೆ. ದಿನವಿಡೀ ಕಣ್ಣುಗಳ ಜೊತೆ ಇರುವವಳಿಗೆ ಅಷ್ಟು ಗೊತ್ತಾಗುವುದಿಲ್ಲವೇ? "ಡಾಕ್ಟರನ್ನ ನಾನೇ ಕರ್ಕೊಂಡ್ ಬರ್ತೀನಿ, ಗ್ಲಾಸು ನಾನೇ ಉಜ್ತೀನಿ" ಅಂದೆ. "ನೇತ್ರ ನಿಧಿ ಅಂತ ಇದೆ, ಅದಕ್ಕೆ ಹಣ ಕಟ್ಟಿಬಿಡಿ" ಅಂದರು. ಕೊಡುವವಳು ಬಾಗಿಲಲ್ಲಿ ನಿಂತು ಬೇಡಬೇಕಾದ ಕಾಲ ಬಂತು ನೋಡು.

ನಿನ್ನ ಚಿನಕುರಳಿಯ ಫೋಟೋ ಒಂದಿದ್ದರೆ ಕಳಿಸು. ಅಂಥ ಸುಂದರಿ ಹೇಗಿದ್ದಾಳೋ ನೋಡುತ್ತೇನೆ.

ಅಕ್ಕ


ಜುಲೈ ೧೯

ಅಕ್ಕಾ,

ತಗೋ ಫೋಟೋ. ಕಾವಲಿನವನು ತನ್ನ ಫೋನಿನಲ್ಲಿ ತೆಗೆದು ನಮ್ಮನೆಯವರಿಗೆ ಕಳಿಸಿದ್ದು, ನಾನು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದೆ. ಹಳದಿ ಸ್ವೆಟರು ಸ್ವಲ್ಪ ದೊಡ್ಡದಾಗಿದೆ, ಬೆಳೆಯುವ ಮಗು ತಾನೆ. ಅವಳು ನಿಂತ ರೀತಿ ನೋಡು. ನಿನಗೂ ಏನಾದರೂ ಅನ್ನಿಸುತ್ತದೋ ಇಲ್ಲವೋ ಅಂತ ನನಗೆ ಕುತೂಹಲ. ನಾನು ಬಾಯಿ ಬಿಡುವುದಿಲ್ಲ, ನೀನೇ ಹೇಳಬೇಕು.

ಹೊಟ್ಟೆ ಉರಿದುಕೊಳ್ಳಬೇಡ ಮಹರಾಯ್ತಿ. ನಿನ್ನ ಗುಮ್ಮಿಯೂ ಒಂದು ದಿನ ಬರೆಯುತ್ತಾಳೆ.

ಪುಟ್ಟಿ


ಜುಲೈ ೨೩

ಪುಟ್ಟಿ,

ಅವಳು ನನ್ನ ಹುಡುಗಿ.

ನಿನ್ನ ಫೋಟೋ, ನನ್ನ ಫೋಟೋ ಎರಡನ್ನೂ ಅಂಗಡಿಯ ದೊಡ್ಡ ಭೂತಗನ್ನಡಿ ಕೆಳಗಿಟ್ಟು ನೋಡಿದೆ. ಹುಬ್ಬಿನ ಮೇಲಿನ ಗಾಯದ ಗುರುತು ಅದೇ. ಎಡಗಿವಿಯ ಕೆಳಗಿನ ಮಚ್ಚೆ ಅದೇ. ಕತ್ತು ವಾಲಿಸಿ ನೋಡುವುದೂ ಅದೇ. ಗುಮ್ಮಿ, ಚಿನಕುರಳಿ ಇಬ್ಬರೂ ಒಬ್ಬಳೇ. ನನ್ನ ಹುಡುಗಿ ಇಷ್ಟು ತಿಂಗಳಿಂದ ನಿನಗೆ ಕಾಗದ ಬರೆಯುತ್ತಿದ್ದಾಳೆ!

ಫೋಟೋ ಹಿಡಿದುಕೊಂಡು ರಸ್ತೆ ದಾಟಿ ಹೋದೆ. "ಒಂದೇ ಮಗುವನ್ನ ಇಬ್ಬರಿಗೆ ಹೇಗೆ ಕೊಟ್ರಿ?" ಅಂದರೆ ಆ ಅಮ್ಮನಿಗೆ ಆಶ್ಚರ್ಯವೂ ಆಗಲಿಲ್ಲ. "ಒಬ್ಬರ ಹಣದಲ್ಲಿ ಒಂದು ಮಗು ಸಾಕಕ್ಕಾಗುತ್ತಾ? ಇಬ್ಬರು ಮೂವರು ಇರ್ತಾರೆ. ಅದೆಲ್ಲ ಕೆಳಗಡೆ ಸಣ್ಣಕ್ಷರದಲ್ಲಿ ಬರೆದಿದೆ. ನಿಮಗೆ ಬೇಜಾರಾಗಿದ್ರೆ ಬೇರೆ ಮಗು ಕೊಡೋಣ್ವಾ?" ಅಂದಳು. ಚಪ್ಪಲಿ ಅಂಗಡಿಯಲ್ಲಿ ಅಳತೆ ಬದಲಾಯಿಸುವವಳ ಹಾಗೆ! ಸಣ್ಣಕ್ಷರ ಓದುವ ಗ್ಲಾಸು ಮಾಡುವವಳಿಗೇ ಸಣ್ಣಕ್ಷರದಲ್ಲಿ ಟೋಪಿ.

ಈಗ ನೇರವಾಗಿ ಕೇಳುತ್ತೇನೆ. ನಿನಗೆ ಗಂಡ ಇದ್ದಾನೆ, ಮನೆ ತುಂಬ ಇಬ್ಬರು ಗಂಡುಮಕ್ಕಳಿದ್ದಾರೆ. ಬೇರೆ ಮಗು ತೆಗೆದುಕೋ. ಇವಳನ್ನು ನನಗೆ ಬಿಡು. ಸ್ವೆಟರು ಕಳಿಸುವುದನ್ನು ನಿಲ್ಲಿಸು. ನಾನು ನಿನ್ನ ಹತ್ತಿರ ಇದುವರೆಗೆ ಏನನ್ನೂ ಕೇಳಿಲ್ಲ.

ಅಕ್ಕ


ಆಗಸ್ಟ್ ೫

ಅಕ್ಕಾ,

ಬಿಡುವುದಿಲ್ಲ.

ಮೊದಲ ದಿನ ನಿನ್ನ ಕಾಗದ ಓದಿ ಅತ್ತೆ, ಎರಡನೇ ದಿನ ಸಿಟ್ಟು ಬಂತು, ಆಮೇಲೆ ಕೂತು ಯೋಚಿಸಿದೆ. ಅಷ್ಟು ದಪ್ಪದ ಆಲ್ಬಮ್ಮಿನಲ್ಲಿ, ನೂರಾರು ಮಕ್ಕಳಲ್ಲಿ, ನೀನೂ ಅವಳ ಮೇಲೇ ಬೆರಳಿಟ್ಟೆ, ನಾನೂ ಅವಳ ಮೇಲೇ ಬೆರಳಿಟ್ಟೆ. ನೀನು ಹೇಳದ ಕಾರಣ ನನಗೆ ಗೊತ್ತು. ಕತ್ತು ವಾಲಿಸಿ ನೋಡುತ್ತಾಳಲ್ಲ, ಅದು ಅಮ್ಮ. ಅಚ್ಚು ಅಮ್ಮ. ಆ ಪುಟಕ್ಕೆ ಬಂದವಳು ಮುಂದಿನದನ್ನು ತಿರುಗಿಸಲೇ ಇಲ್ಲ. ನಿನಗೂ ಹಾಗೇ ಆಗಿರಬೇಕು.

ನಾನು ಅಮ್ಮನ ತೊಡೆ ಮೇಲೆ ಕೂತೆ ಅಂತ ಎಷ್ಟು ವರ್ಷದಿಂದ ಹೇಳುತ್ತೀಯ! ನನಗೂ ಹೇಳಲಿಕ್ಕಿದೆ. ನಾನು ಹುಟ್ಟುವ ಮೊದಲು ಏಳು ವರ್ಷ ಅಮ್ಮ ನಿನಗೊಬ್ಬಳಿಗೇ ಇದ್ದಳು. ಕೊನೆಗಾಲದಲ್ಲೂ ನಿನ್ನ ಮನೆಯಲ್ಲೇ ಇದ್ದಳು. ನಾನು ಬಸ್ ಹತ್ತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊನೆಗೆ ಏನು ಮಾತಾಡಿದಳು ಅಂತ ಕೇಳಿದರೆ "ಏನಿಲ್ಲ, ನೀರು ಕೇಳಿದಳು" ಅಂದೆ. ಅಷ್ಟೇ ಅಂತ ನಾನು ಇವತ್ತಿಗೂ ನಂಬಿಲ್ಲ. ನನಗೂ ಹೊಟ್ಟೆ ಇದೆ, ಅದೂ ಉರಿಯುತ್ತದೆ.

ಆದ್ದರಿಂದ ಬೇರೆ ಮಗು ನೀನೇ ತೆಗೆದುಕೋ.

ಪುಟ್ಟಿ


ಸೆಪ್ಟೆಂಬರ್ ೧೬

ಅಕ್ಕಾ,

ತಿಂಗಳ ಮೇಲಾಯಿತು, ನಿನ್ನ ಕಾಗದವಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ. ಸರಿ, ನಿನ್ನ ಬಾಯಿಗೆ ಬೀಗ ಇರಲಿ, ನಾನೇ ಬರೆಯುತ್ತೇನೆ. ಇದನ್ನು ನಿನಗಲ್ಲದೆ ಇನ್ನು ಯಾರಿಗೆ ಹೇಳಲಿ?

ಹೊಸ ಫೋಟೋ ಬಂತು. ಯಾರೋ ಅವಳಿಗೆ ಕನ್ನಡಕ ಹಾಕಿಸಿದ್ದಾರೆ. ಕತ್ತು ನೆಟ್ಟಗಾಗಿದೆ. ನೆಟ್ಟಗೆ ನಿಂತು ನೆಟ್ಟಗೆ ನೋಡುತ್ತಿದ್ದಾಳೆ. ಅಮ್ಮ ಎಲ್ಲೂ ಇಲ್ಲ ಅಕ್ಕಾ. ಸುಮ್ಮನೆ ಒಂದು ಹುಡುಗಿ. ಕೌಂಟರಿನಲ್ಲಿ ಕೂತು ಅತ್ತುಬಿಟ್ಟೆ, ಸಾಲಿನಲ್ಲಿದ್ದವರು ಬಸ್ಸು ಕೆಟ್ಟಿತೇನೋ ಅಂದುಕೊಂಡರು. ಯಾರ ಕೆಲಸ ಇದು ಅಂತ ಕಚೇರಿಗೆ ಫೋನು ಮಾಡಿದರೆ 'ದಾನಿಗಳ ಬಳಗ' ಅಂದರು. ಯಾವ ತಲೆಹರಟೆ ದಾನಿಯೋ!

ಇನ್ನೊಂದು. ಅಕ್ಟೋಬರ್ ಭಾನುವಾರಕ್ಕೆ ನನಗಿನ್ನೂ ವರ್ಷ ತುಂಬಿರುವುದಿಲ್ಲ, ನನ್ನನ್ನು ಒಳಗೆ ಬಿಡುವುದಿಲ್ಲ. ನಿನ್ನನ್ನು ಬಿಡುತ್ತಾರೆ. ನೀನೊಬ್ಬಳೇ ಹೋಗಬೇಡ. ಫೆಬ್ರವರಿಗೆ ಇಬ್ಬರೂ ಒಟ್ಟಿಗೆ ಹೋಗೋಣ. ನನಗಿಂತ ಮೊದಲು ನೀನು ಅವಳನ್ನು ನೋಡಿದರೆ ನಾನು ತಡೆಯಲಾರೆ. ನನ್ನಾಣೆ.

ಪುಟ್ಟಿ


ಸೆಪ್ಟೆಂಬರ್ ೨೪

ಪುಟ್ಟಿ,

ಆ ತಲೆಹರಟೆ ದಾನಿ ನಾನು.

ನಾನು ಕೇಳಿದಾಗ ನಿಯಮ ಇರಲಿಲ್ಲ. ನಮ್ಮ ಮಾಲೀಕರು ಅಂಗಡಿಯ ಹೆಸರಲ್ಲಿ ಬ್ಯಾನರ್ ಕಟ್ಟಿಸಿ "ಎಲ್ಲ ಮಕ್ಕಳ ಕಣ್ಣು ಪರೀಕ್ಷೆ ಮಾಡಿಸ್ತೀವಿ" ಅಂದ ತಕ್ಷಣ ನಿಯಮ ಬಂತು. ಮಾಲೀಕರಿಗೆ ಹಾರ, ಫೋಟೋ. ನಾನು ಹಿಂದಿನ ಕೋಣೆಯಲ್ಲಿ ಕೂತು ಗ್ಲಾಸು ಉಜ್ಜಿದೆ. ಡಾಕ್ಟರು ನಂಬರು ಬರೆದ ಚೀಟಿಗಳಲ್ಲಿ ಅವಳದು ಯಾವುದು ಅಂತ ಅದರ ಮೇಲಿದ್ದ ಸಂಖ್ಯೆಯಿಂದಲೇ ಗೊತ್ತಾಯಿತು, ನನ್ನ ರಸೀದಿಗಳ ಮೇಲೆಲ್ಲ ಅದೇ ಸಂಖ್ಯೆ ಇದೆ. ಆ ಒಂದು ಜೊತೆಯನ್ನು ಮೆಷಿನ್ನಿಗೆ ಬಿಡದೆ ಕೈಯಲ್ಲೇ ನಯ ಮಾಡಿದೆ.

ಅವಳ ಬಲಗಣ್ಣಿಗೆ ಎಲ್ಲ ಮಂಜುಮಂಜು. ಚೆನ್ನಾಗಿ ಕಾಣುವ ಎಡಗಣ್ಣನ್ನು ಮುಂದಕ್ಕೆ ತಂದುಕೊಳ್ಳಲು ಕತ್ತು ವಾಲಿಸುತ್ತಿದ್ದಳು. ಅಷ್ಟೇ. ಅದರಲ್ಲಿ ಅಮ್ಮ ಗಿಮ್ಮ ಏನೂ ಇರಲಿಲ್ಲ.

ಅಥವಾ ಇತ್ತು. ನೆನಪು ಮಾಡಿಕೋ. ಅಮ್ಮ ನನ್ನನ್ನು ನೆಟ್ಟಗೆ ನೋಡುತ್ತಿದ್ದಳು, ನಿನ್ನನ್ನು ನೋಡುವಾಗ ಮಾತ್ರ ಕತ್ತು ವಾಲಿಸುತ್ತಿದ್ದಳು. ಆ ನೋಟಕ್ಕಾಗಿ ನಾನು ಎಷ್ಟು ಸಂಕಟಪಟ್ಟಿದ್ದೇನೆ ನಿನಗೆ ಗೊತ್ತಿಲ್ಲ. ನೀನು ಯಾವಾಗಲೂ ಅವಳ ಬಲಗಡೆ, ಕಿಟಕಿಯ ಹತ್ತಿರ ಕೂರುತ್ತಿದ್ದೆ. ನಾನು ಎಡಗಡೆ. ಅಮ್ಮ ಇರುವವರೆಗೂ ನಾನು ಬಟ್ಟೆ ಅಂಗಡಿಯಲ್ಲಿದ್ದೆ, ಕಣ್ಣಿನ ವಿದ್ಯೆ ಏನೂ ಗೊತ್ತಿರಲಿಲ್ಲ. ಈಗ ಗೊತ್ತಾಗುತ್ತಿದೆ. ಅಮ್ಮನಿಗೂ ಬಲಗಣ್ಣು ಸರಿ ಕಾಣುತ್ತಿರಲಿಲ್ಲ. ಇಷ್ಟು ವರ್ಷ ನಾನು ಹೊಟ್ಟೆ ಉರಿದುಕೊಂಡಿದ್ದು ಒಂದು ಕಣ್ಣಿನ ನಂಬರಿಗೆ.

ಅಕ್ಟೋಬರ್ ಭಾನುವಾರ ಅಂಗಡಿಯಲ್ಲಿ ಲೆಕ್ಕ ತೆಗೆಯುವ ಕೆಲಸವಿದೆ. ನಾನು ಹೋಗುವುದಿಲ್ಲ.

ಅಕ್ಕ


ಅಕ್ಟೋಬರ್ ೧

ಅಕ್ಕಾ,

ಅಮ್ಮನ ಪ್ರೀತಿಗೂ ನಂಬರು ಬರೆದು ಚೀಟಿ ಕೊಟ್ಟೆಯಲ್ಲ, ನಿನ್ನಂಥವಳನ್ನು ನಾನು ಕಾಣೆ. ಕಣ್ಣು ಕಾಣದಿದ್ದರೆ ಕಾಣುತ್ತಿರಲಿಲ್ಲ, ಆದರೂ ಕತ್ತು ತಿರುಗಿಸಿ ನನ್ನನ್ನು ನೋಡುತ್ತಿದ್ದಳೋ ಇಲ್ಲವೋ? ಆ ಕಷ್ಟ ಪಟ್ಟಿದ್ದು ನನಗಾಗಿ. ನನಗೆ ಅಷ್ಟು ಸಾಕು. ನಿನಗೆ ಕಷ್ಟವಿಲ್ಲದೆ ನೋಡುತ್ತಿದ್ದಳು, ನೀನು ಅದನ್ನು ಇಟ್ಟುಕೋ.

ಹೋಗುವುದಿಲ್ಲ ಅಂದೆಯಲ್ಲ, ಸಮಾಧಾನವಾಯಿತು. ನೀನು ಎಷ್ಟೇ ಕಹಿಯಾದರೂ ಮಾತಿಗೆ ತಪ್ಪುವವಳಲ್ಲ.

ಪುಟ್ಟಿ


ಅಕ್ಟೋಬರ್ ೧೨

ಪ್ರೀತಿಯ ಪುಟ್ಟಿ,

ಎಲ್ಲರೂ ಚೆನ್ನಾಗಿದ್ದೀರಾ? ಇಲ್ಲಿ ಬಿಸಿಲು ಕಡಿಮೆಯಾಗಿದೆ. ಅಂಗಡಿಯ ಬಾಗಿಲಿಗೆ ಹೊಸ ಹಿಡಿ ಹಾಕಿಸಿದ್ದಾರೆ, ತಳ್ಳುವವರೆಲ್ಲ ಎಳೆಯುತ್ತಾರೆ, ಎಳೆಯುವವರೆಲ್ಲ ತಳ್ಳುತ್ತಾರೆ, ನೋಡಲು ಒಳ್ಳೆಯ ತಮಾಷೆ. ಭಾನುವಾರ ಲೆಕ್ಕ ತೆಗೆಯುವುದರಲ್ಲೇ ಸಂಜೆಯಾಯಿತು.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನೀನು ಒಳ್ಳೆಯವಳು. ಇದನ್ನು ನಾನು ಮೊದಲೇ ಹೇಳಬೇಕಿತ್ತು.

ಸುಮ್ಮನೆ ಕೇಳುತ್ತೇನೆ, ಹೆಣಿಗೆ ಕಲಿಯುವುದು ಬಹಳ ಕಷ್ಟವೇ? ಮೊದಲ ಸಾಲು ಹೇಗೆ ಹಾಕುತ್ತಾರೆ, ಎರಡು ಕಡ್ಡಿ ಬೇಕೋ ನಾಲ್ಕೋ, ಬಿಡಿಸಿ ಬರಿ. ಚಿಕ್ಕ ಮಗುವಿನ ಕೈಗೆ ಯಾವ ಅಳತೆಯ ಕಡ್ಡಿ ಒಳ್ಳೆಯದು? ಆಮೇಲೆ, ನೀಲಿ ಸ್ವೆಟರಿಗೆ ಎಷ್ಟು ಗುಂಡಿ ಹಾಕಿದ್ದೆ? ಕುಂಟು ಬೆಕ್ಕಿನ ಮರಿಗಳಿಗೆ ನೀನು ಏನಾದರೂ ಹೆಸರಿಟ್ಟು ಕಳಿಸಿದ್ದೆಯಾ? ಸುಮ್ಮನೆ, ಹೊತ್ತು ಹೋಗಲಿ ಅಂತ ಕೇಳಿದೆ. ಬೇರೇನೂ ಇಲ್ಲ.

ನಿನ್ನ
ಅಕ್ಕ


ಅಕ್ಟೋಬರ್ ೨೮

ಕಳ್ಳೀ,

ನಿನ್ನನ್ನು ಅಕ್ಕ ಅನ್ನಲು ಇವತ್ತು ಕೈ ಬರುತ್ತಿಲ್ಲ. 'ಪ್ರೀತಿಯ ಪುಟ್ಟಿ' ಅಂತೆ! 'ನೀನು ಒಳ್ಳೆಯವಳು' ಅಂತೆ! ಹುಟ್ಟಿದಾಗಿನಿಂದ ನಿನ್ನ ಬಾಯಲ್ಲಿ ಬರದ ಮಾತು. ಅದನ್ನು ಓದಿದಾಗಲೇ ನನಗೆ ವಾಸನೆ ಬಡಿದಿತ್ತು. ನಿನ್ನೆ ಚಿನಕುರಳಿಯ ಕಾಗದ ಬಂತು. ಕೇಳು, ಅವಳು ಬರೆದದ್ದನ್ನೇ ಬರೆಯುತ್ತೇನೆ.

'ಸ್ವೆಟರ್ ಆಂಟಿ, ನೀವು ಭಾನುವಾರ ಬಂದಿದ್ದು ನನಗೆ ತುಂಬಾ ಖುಷಿ ಆಯ್ತು. ನೀವು ಇಷ್ಟು ಉದ್ದ ಇರ್ತೀರಾ ಅಂತ ಗೊತ್ತಿರಲಿಲ್ಲ. ನನ್ನ ಕನ್ನಡಕ ಜಾರ್ತಾ ಇತ್ತಲ್ಲ, ನೀವು ಅದರ ಕಡ್ಡೀನ ಉಸಿರು ಊದಿ ಬಿಸಿ ಮಾಡಿ ಬಗ್ಗಿಸಿಕೊಟ್ರಲ್ಲ, ಈಗ ಓಡಿದ್ರೂ ಬೀಳಲ್ಲ. ಹೆಣಿಗೆ ಹೇಳಿಕೊಡ್ತೀನಿ ಅಂತ ಪ್ರಾಮಿಸ್ ಮಾಡಿದ್ದೀರಿ, ಮರೀಬೇಡಿ.'

ಉದ್ದವಂತೆ! ನಾನು ಕೌಂಟರಿನ ಕುರ್ಚಿಗೆ ದಿಂಬು ಹಾಕಿಕೊಂಡು ಕೂರುವವಳು. ಟಿಕೆಟ್ ಹರಿಯುವವಳಿಗೆ ಕನ್ನಡಕದ ಕಡ್ಡಿ ಬಗ್ಗಿಸಲು ಎಲ್ಲಿ ಬರಬೇಕು? ನನ್ನಾಣೆ ಇಟ್ಟಿದ್ದೆ. ನೀನು ಹೋದೆ. ಹೋಗಿದ್ದೂ ಅಲ್ಲದೆ ನಾನಾಗಿ ಹೋದೆ! ನನ್ನ ಸ್ವೆಟರು, ನನ್ನ ಕಾಗದ, ನನ್ನ ಬೆಕ್ಕು, ಎಲ್ಲವನ್ನೂ ನಿನ್ನದು ಮಾಡಿಕೊಂಡು ಅವಳ ಪಕ್ಕ ಕೂತೆ. ಇದನ್ನು ಓದುವಾಗ ನಮ್ಮನೆಯವರು ಪಕ್ಕದಲ್ಲಿದ್ದರು. "ಏನಾಯ್ತೇ?" ಅಂದರು. "ನಮ್ಮಕ್ಕ ನನ್ನನ್ನೇ ಕದ್ದಿದ್ದಾಳೆ" ಅಂದೆ. ಅವರಿಗೆ ಏನೂ ಅರ್ಥವಾಗದೆ ಎದ್ದು ಡಿಪೋಗೆ ಹೋದರು.

ಇವತ್ತು ಬೆಳಿಗ್ಗೆ ಕಾಗದದ ಹಿಂಬದಿ ನೋಡಿದೆ.

'ನಿಮ್ಮನ್ನ ಬಿಟ್ಟು ಇನ್ಯಾರಾದ್ರೂ ಇದ್ದಾರಾ ಅಂತ ನೀವು ಕೇಳಿದ್ರಲ್ಲ, ಆಮೇಲೆ ನಾನು ವಾರ್ಡನ್‌ನ ಕೇಳಿದೆ. ಇನ್ನೊಬ್ಬರು ಇದ್ದಾರಂತೆ, ದುಡ್ಡು ಕಳಿಸ್ತಾರಂತೆ. ಅವರು ಮುಖ ಗಂಟು ಹಾಕಿಕೊಂಡಿರ್ತಾರೆ, ಆದ್ರೆ ಅವರಿಗೂ ಒಂದು ಕಾಗದ ಬರಿ ಅಂತ ನೀವು ಅಂದ್ರಲ್ಲ, ಅವರ ಹೆಸರು ಗೊತ್ತಿಲ್ಲ. ನಿಮಗೆ ಅವರು ಗೊತ್ತಾ? ಅವರು ಯಾವಾಗ ಬರ್ತಾರೆ?'

ಅಲ್ಲಿ ಹೋಗಿ ನನ್ನ ವೇಷದಲ್ಲಿ ಕೂತು, ಆ ಮಗುವಿನ ಹತ್ತಿರ ನಿನಗೊಂದು ಕಾಗದ ಬೇಡಿ ಬಂದೆಯಾ? ಎಂಥ ಹುಚ್ಚಿಯೇ ನೀನು?

ಕ್ಷಮಿಸಿದೆ ಅಂದುಕೊಳ್ಳಬೇಡ. ಇಲ್ಲ. ಫೆಬ್ರವರಿ ಭಾನುವಾರ ನಾನು ಹೋಗುತ್ತೇನೆ, ಒಬ್ಬಳೇ, ಅದು ನನ್ನ ಹಕ್ಕು. ಆದರೆ ಯಾರಾಗಿ ಹೋಗಲಿ? ನನ್ನ ಜಾಗದಲ್ಲಿ ನೀನು ಕೂತಾಗಿದೆ. ಅವಳು ಸ್ವೆಟರ್ ಆಂಟಿಯನ್ನು ಕಣ್ಣಾರೆ ನೋಡಿ ಆಗಿದೆ, ಉದ್ದಕ್ಕಿದ್ದಾಳೆ ಅಂತ ಗೊತ್ತಾಗಿದೆ. ಈಗ ನಾನು ಹೋಗಿ ನಿಜ ಹೇಳಿದರೆ ಆ ಮಗು ಯಾರನ್ನೂ ನಂಬುವುದಿಲ್ಲ. ಖಾಲಿ ಇರುವುದು ಒಂದೇ ಜಾಗ. ನಾನು ನೀನಾಗಿ ಹೋಗುತ್ತೇನೆ. ಮುಖ ಗಂಟು ಹಾಕಿಕೊಂಡು ಕೂರುತ್ತೇನೆ. ಕಡ್ಡಿ ಬಗ್ಗಿಸುವುದು ಹೇಗೆ ಅಂತ ಬರಿ, ಹೆಣಿಗೆಯ ಮೊದಲ ಸಾಲನ್ನು ಚಿತ್ರ ಬರೆದು ಇದರ ಜೊತೆ ಇಟ್ಟಿದ್ದೇನೆ.

ಪುಟ್ಟಿ


ನವೆಂಬರ್ ೫

ಪುಟ್ಟಿ,

ಅವತ್ತು ಹೋಗಿದ್ದು ನಿನಗಿಂತ ಮೊದಲು ನೋಡಬೇಕು ಅಂತಲೇ. ಅದಕ್ಕೆ ಬಣ್ಣ ಹಚ್ಚುವುದಿಲ್ಲ. ಗೇಟಿನಲ್ಲಿ ನನ್ನ ಹೆಸರನ್ನೇ ಹೇಳಿದೆ. "ನಿನ್ನ ದಾನಿ ಬಂದಿದ್ದಾರೆ" ಅಂತ ಅವಳನ್ನು ಕರೆದರು. ಹಳದಿ ಸ್ವೆಟರು ಹಾಕಿಕೊಂಡು ಓಡಿಬಂದಳು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. "ಸ್ವೆಟರ್ ಆಂಟೀ!" ಅಂತ ಸೊಂಟ ತಬ್ಬಿಕೊಂಡಳು. ಅಲ್ಲ ಅನ್ನಬೇಕು ಅಂತ ಬಾಯಿ ತೆರೆದೆ. ನಿನ್ನ ಭಾವ ಹೋದ ಮೇಲೆ ನನ್ನನ್ನು ಯಾರೂ ತಬ್ಬಿಕೊಂಡಿರಲಿಲ್ಲ. ಹೂಂ ಅಂದುಬಿಟ್ಟೆ.

ಹೊಟ್ಟೆಕಿಚ್ಚಿನಲ್ಲಿ ಹೋದವಳು ವಾಪಸ್ ಬರುವಾಗ ಇನ್ನೂ ಜಾಸ್ತಿ ಕಿಚ್ಚು ಹೊತ್ತುಕೊಂಡು ಬಂದೆ. ಅವಳು ತಬ್ಬಿದ್ದು ನಿನ್ನನ್ನು. ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕೂತು ಬಂದೆ.

ಸರಿ, ಹೋಗು. ನಾನಾಗಿಯೇ ಹೋಗು. ಕಡ್ಡಿ ಜಾರುತ್ತಿದ್ದರೆ ಕಿವಿಯ ಹಿಂದೆ ಬಾಗುವ ಜಾಗವನ್ನು ಎರಡು ಬೆರಳಲ್ಲಿ ಹಿಡಿದು, ಉಸಿರು ಊದಿ ಬೆಚ್ಚಗೆ ಮಾಡಿ, ನಿಧಾನ ಒಳಕ್ಕೆ ಒತ್ತು. ಒಂದೇ ಸಲಕ್ಕೆ ಬಗ್ಗಿಸಬೇಡ, ಮುರಿಯುತ್ತದೆ. ಗ್ಲಾಸನ್ನು ಸೆರಗಿನಲ್ಲಿ ಒರೆಸಬೇಡ, ಗೀರು ಬೀಳುತ್ತದೆ, ಮೆತ್ತನೆಯ ಬಟ್ಟೆ ಕಳಿಸುತ್ತಿದ್ದೇನೆ. ಅವಳ ಎಡಗಡೆ ಕೂರು, ಬಲಗಡೆ ಬೇಡ. ಈಗ ಎರಡೂ ಕಣ್ಣು ಕಾಣುತ್ತವೆ, ಆದರೂ ಅಭ್ಯಾಸ ಹೋಗಲು ಸಮಯ ಬೇಕು. ಮುಖ ಗಂಟು ಹಾಕಿಕೊಂಡೇ ಇರಬೇಕಿಲ್ಲ, ನಾನು ಅಷ್ಟೂ ಕೆಟ್ಟವಳಲ್ಲ, ಒಂದು ಸಲ ನಗು.

ಕನ್ನಡಕ ಯಾರು ಮಾಡಿದ್ದು ಅಂತ ಕೇಳಿದರೆ 'ನಾನೇ' ಅನ್ನು. ಅವಳು ತಬ್ಬಿಕೊಂಡರೆ ತಬ್ಬಿಸಿಕೋ. ಹೇಗಿತ್ತು ಅಂತ ನನಗೆ ಬರಿ, ಒಂದನ್ನೂ ಬಿಡದೆ.

ಅಮ್ಮ ಕೊನೆಗೆ ನೀರು ಕೇಳಿದ್ದು ನಿಜ. ಆಮೇಲೆ "ಪುಟ್ಟಿ ಬಂದ್ಲಾ?" ಅಂದಳು. ಅದನ್ನು ನಿನಗೆ ಕೊಡಲು ನನ್ನಿಂದ ಆಗಿರಲಿಲ್ಲ. ಈಗ ತಗೋ.

ಒಂದು ಮಾತು ನೆನಪಿಟ್ಟುಕೋ. ಅಲ್ಲಿ ನಾನಾಗಿ ಹೋಗಿ, ನನಗಿಂತ ಒಳ್ಳೆಯವಳಾಗಬೇಡ.

ಅಕ್ಕ